ಹೂತೋಟ ಪ್ರಶ್ನೋತ್ತರ: ಹಾರ್ಡಿ (ಚಳಿ ತಡೆಯೋ) ನೈದಿಲೆಗೆ ಕಾಯಿ ಕಟ್ಟಿಸೋದು ಹೇಗೆ?

ಪ್ರಶ್ನೆ: ನಮ್ಮ ಟಬ್‌ನಲ್ಲಿ ಒಂದಡಿ ನೀರು ನಿಲ್ಲುತ್ತೆ ಅಷ್ಟೇ. ಎಸ್ಕಾರ್ಬೂಕ್ಲ್ ಅನ್ನೋ ಕೆಂಪು ನೈದಿಲೆ ಫೋಟೋ ನೋಡಿ ಆಸೆ ಆಗಿದೆ ಮೇಡಂ, ತರಬಹುದಾ?

ಉತ್ತರ: ಬೇಡಿ. ಹೂ ಚೆಂದ, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಅದು ನಾಲ್ಕೈದು ಅಡಿ ಅಗಲಕ್ಕೆ ಎಲೆ ಹರಡೋ ಗಿಡ, ಟಬ್‌ನಲ್ಲಿ ಎಲೆ ಮೇಲೆ ಎಲೆ ಬಿದ್ದು ಹೂವೇ ಕಾಣಲ್ಲ. ನಿಮಗೆ ಹೆಲ್ವೋಲಾ ಸರಿ, ಎರಡಿಂಚಿನ ಹಳದಿ ಹೂ, ಎಲೆ ಮೇಲೆ ಕಂದು ಮಚ್ಚೆ, ಗೆಡ್ಡೆ ಮೇಲೆ ಅರ್ಧ ಅಡಿ ನೀರಿದ್ರೂ ಸಾಕು. ಕೆಂಪೇ ಬೇಕು ಅಂದ್ರೆ ಪೆರ್ರೀಸ್ ಬೇಬಿ ರೆಡ್ ನೋಡಿ. ಆದ್ರೆ ಬಿಸಿಲು ಜೋರಿರೋ ಕಡೆ ಎಷ್ಟೋ ಕಡುಗೆಂಪು ತಳಿಗಳ ದಳ ಮಧ್ಯಾಹ್ನಕ್ಕೇ ಸುಟ್ಟಂಗೆ ಕಪ್ಪಾಗುತ್ತೆ, ಫೋಟೋದಲ್ಲಿ ಅದನ್ನ ಯಾರೂ ತೋರಿಸಲ್ಲ.

ಪ್ರಶ್ನೆ: ನಮ್ಮ ಕೊಳದಲ್ಲಿ ಒಂದು ಬಿಳಿ, ಒಂದು ಪಿಂಕ್ ಹಾರ್ಡಿ ಇವೆ. ಕ್ರಾಸ್ ಮಾಡೋಣ ಅಂತ ಬ್ರಷ್‌ನಲ್ಲಿ ಪರಾಗ ಹಚ್ಚಿದೆ. ಹೂ ಮುಳುಗಿ ಕೊಳೆತುಹೋಯ್ತು, ಕಾಯಿ ಕಟ್ಟಲೇ ಇಲ್ಲ. ಎಲ್ಲಿ ತಪ್ಪಾಯ್ತು?

ಉತ್ತರ: ಎಷ್ಟನೇ ದಿನದ ಹೂವಿಗೆ ಹಚ್ಚಿದ್ರಿ ಅಂತ ನೀವು ಬರೆದಿಲ್ಲ, ವಿಷಯ ಇರೋದೇ ಅಲ್ಲಿ. ನೈದಿಲೆ ಹೂ ಮೊದಲ ದಿನ ಬರೀ ಹೆಣ್ಣು. ಅವತ್ತು ಬೆಳಿಗ್ಗೆ ಬಗ್ಗಿ ನೋಡಿ, ನಡುವಿನ ಬಟ್ಟಲಲ್ಲಿ ಅಂಟಂಟಾದ ರಸ ಮಿನುಗ್ತಾ ಇರುತ್ತೆ, ಸುತ್ತ ಕೇಸರಗಳು ದೂರ ನಿಂತಿರುತ್ತೆ, ಪರಾಗ ಇನ್ನೂ ಬಿಟ್ಟಿರಲ್ಲ. ಬೇರೆ ಹೂವಿಂದ ಬಂದ ಹುಳ ಈ ರಸಕ್ಕೆ ಜಾರಿ ಬಿದ್ರೆ ಮೈಮೇಲಿನ ಪರಾಗ ಅಲ್ಲೇ ತೊಳೆದುಹೋಗುತ್ತೆ, ಕೆಲವು ಪಾಪ ಅಲ್ಲೇ ಸಾಯುತ್ತೆ ಕೂಡ. ಎರಡನೇ ದಿನಕ್ಕೆ ರಸ ಇರಲ್ಲ, ಕೇಸರಗಳು ಒಳಗೆ ಬಾಗಿ ಬಟ್ಟಲು ಮುಚ್ಚಿ ಪರಾಗ ಉದುರಿಸ್ತವೆ. ಅಲ್ಲಿಗೆ ಅದು ಗಂಡು ಹೂ, ಆಮೇಲೆ ಎಷ್ಟು ಹಚ್ಚಿದ್ರೂ ದಂಡ.

ಹಾಗಾಗಿ ತಾಯಿ ಮಾಡ್ಬೇಕು ಅಂದ್ಕೊಂಡ ಮೊಗ್ಗಿಗೆ ಹಿಂದಿನ ಸಂಜೆನೇ ತೆಳು ನೆಟ್ ಬಟ್ಟೆ ಕಟ್ಟಿ, ಬೆಳಿಗ್ಗೆ ಅರಳಿದ ತಕ್ಷಣ ಇನ್ನೊಂದು ಗಿಡದ ಎರಡನೇ ದಿನದ ಹೂವಿಂದ ಪರಾಗ ಬಿಡ್ತಿರೋ ಕೇಸರಗಳನ್ನ ಕತ್ತರಿಸಿ ನೇರ ಆ ರಸಕ್ಕೇ ಹಾಕಿಬಿಡಿ, ಬ್ರಷ್ ಬೇಕಿಲ್ಲ, ಮತ್ತೆ ನೆಟ್ ಕಟ್ಟಿ. ಹೂ ಮುಳುಗಿತು ಅಂತ ಕೈ ಬಿಡ್ಬೇಡಿ, ಫಲ ಕಟ್ಟಿದ್ರೂ ಕಟ್ಟದಿದ್ರೂ ಅದು ಮುಳುಗೇ ಮುಳುಗುತ್ತೆ. ಹತ್ತು ದಿನ ಬಿಟ್ಟು ಬೆರಳಲ್ಲಿ ಒತ್ತಿ ನೋಡಿ: ಗಟ್ಟಿ ಇದ್ರೆ ಕಾಯಿ, ಮೆತ್ತಗಾಗಿದ್ರೆ ಕೊಳೆತಿದೆ. ಕಾಯಿ ನೀರೊಳಗೇ ಕೆಲವು ವಾರ ಬಲಿತು ಒಡೆಯುತ್ತೆ, ಬೀಜ ಲೋಳೆ ಸಮೇತ ತೇಲಿ ಎಲ್ಲೆಲ್ಲೋ ಹೋಗುತ್ತೆ, ಅದಕ್ಕೇ ನೆಟ್ ತೆಗೀಬಾರದು. ಬೀಜ ಒಣಗಿಸಬೇಡಿ, ನೀರಲ್ಲೇ ಇಟ್ಟು ಒಂದೆರಡು ಇಂಚು ನೀರಿನ ಕೆಳಗೆ ಮಣ್ಣಲ್ಲಿ ಬಿತ್ತಿ. ಹೂ ನೋಡೋಕೆ ಎರಡು ಮೂರು ವರ್ಷ ಕಾಯ್ಬೇಕು, ಬರೋ ಗಿಡ ಒಂದೊಂದೂ ಒಂದೊಂಥರ.

ಇಷ್ಟೆಲ್ಲ ಮಾಡಿಯೂ ಕಾಯಿ ಕಟ್ಟದಿರಬಹುದು, ಯಾಕಂದ್ರೆ ಹೆಸರಿರೋ ಹಾರ್ಡಿ ಹೈಬ್ರಿಡ್‌ಗಳಲ್ಲಿ ಬೀಜ ಕಟ್ಟದವೇ ಜಾಸ್ತಿ. ಇದರ ಹಿಂದೆ ಫ್ರಾನ್ಸ್‌ನ ನೈದಿಲೆ ತಳಿಗಾರ ಲಾಟೂರ್-ಮಾರ್ಲಿಯಾಕ್ ಇದ್ದಾರೆ. ಆವಾಗ ಯುರೋಪಿನ ತೋಟಗಳಲ್ಲಿ ಹಾರ್ಡಿ ಅಂದ್ರೆ ಹೆಚ್ಚುಕಮ್ಮಿ ಬಿಳೀನೇ, ಈ ಮನುಷ್ಯ 1875ರಲ್ಲಿ ಟೆಂಪಲ್-ಸುರ್-ಲಾಟ್‌ನಲ್ಲಿ ನರ್ಸರಿ ಶುರು ಮಾಡಿ, ಅಮೆರಿಕ ಖಂಡದ ಹಳದಿ ಮೆಕ್ಸಿಕಾನಾ, ಸ್ವೀಡನ್‌ನ ಕೆಂಪು ಆಲ್ಬಾ ಜಾತಿಗಳನ್ನೆಲ್ಲ ಬೆರೆಸಿ ಹಳದಿ, ಪಿಂಕ್, ಕೆಂಪು ತೆಗೆದ್ರು. 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನ್ನ ಇಟ್ಟಿದ್ರು, ಚಿತ್ರಕಾರ ಕ್ಲೋಡ್ ಮೊನೆ ತಮ್ಮ ಜಿವರ್ನಿ ಊರಿನ ಕೊಳಕ್ಕೆ ಗಿಡ ತರಿಸಿದ್ದೂ ಇವರ ಹತ್ರನೇ. ಕ್ರಾಸ್ ಮಾಡೋ ಗುಟ್ಟು ಮಾತ್ರ ಪೂರ್ತಿ ಬಿಟ್ಟುಕೊಡಲಿಲ್ಲ, ಅವರ ಗಿಡಗಳೂ ಬಹುಪಾಲು ಬೀಜ ಕೊಡಲ್ಲ, ಒಳ್ಳೆ ಬಂದೋಬಸ್ತು! ನಿಮ್ಮ ಬಿಳಿ ಒಡೊರಾಟಾ ಅನ್ನೋ ಬೀಜ ಕಟ್ಟೋ ಜಾತಿದಾಗಿದ್ರೆ ಅದನ್ನೇ ತಾಯಿ ಮಾಡಿ, ಪಿಂಕ್‌ನಿಂದ ಪರಾಗ ಮಾತ್ರ ತಗೊಳ್ಳಿ.

ಪ್ರಶ್ನೆ: ನೀಲಿ ಹಾರ್ಡಿ ಅಂತ ಮಾರ್ತಾರಲ್ಲ, ನಿಜನಾ?

ಉತ್ತರ: ಇದೆ, ಆದ್ರೆ ಅಪರೂಪ. ಥಾಯ್ಲೆಂಡ್‌ನ ಪೈರತ್ ಸೋಂಗ್‌ಪಾನಿಚ್ 2007ರಲ್ಲಿ ಹಾರ್ಡಿ ಮತ್ತು ಟ್ರಾಪಿಕಲ್ (ಬಿಸಿ ನಾಡಿನ) ನೈದಿಲೆ ಬೆರೆಸಿ ಸಯಾಮ್ ಬ್ಲೂ ಹಾರ್ಡಿ ತೆಗೆದ್ರು. ನಿಮಗೆ ತೋರಿಸಿದ ಗಿಡದ ಎಲೆ ಅಂಚು ಗರಗಸದ ಥರ ಇದ್ದು ಹೂ ನೀರಿಂದ ಮೇಲೆದ್ದು ನಿಂತಿದ್ರೆ ಅದು ಬಹುತೇಕ ಮಾಮೂಲಿ ಟ್ರಾಪಿಕಲ್ ನೀಲಿ, ಹಾರ್ಡಿ ರೇಟು ಕೊಡಬೇಡಿ.

ಪ್ರಶ್ನೆ: ಎಲೆಗಳು ನೀರಿಂದ ಮೇಲೆ ಎದ್ದು ನಿಂತಿವೆ, ಹೂ ಕಮ್ಮಿ ಆಗಿದೆ. ಗೊಬ್ಬರ ಹಾಕ್ಲಾ?

ಉತ್ತರ: ಮೊದಲು ಕುಂಡ ಎತ್ತಿ ನೋಡಿ, ಜಾಗ ಸಾಲ್ತಿಲ್ಲ ಅಷ್ಟೇ. ಗೆಡ್ಡೆ ತೆಗೆದು, ಚಿಗುರಿರೋ ತುದಿಯಿಂದ ಗೇಣುದ್ದ ಉಳಿಸಿ ಹಳೇ ಭಾಗ ಕತ್ತರಿಸಿ ಎಸೀರಿ. ಜಿಗುಟು ಮಣ್ಣಲ್ಲಿ, ಕುಂಡದ ಅಂಚಿಗೆ ಓರೆಯಾಗಿ, ಚಿಗುರು ನಡುಭಾಗಕ್ಕೆ ಮುಖ ಮಾಡಿ ಮಣ್ಣಿಂದ ಮೇಲಿರೋ ಹಾಗೆ ನೆಡಿ. ಕಾಂಪೋಸ್ಟ್ ಬೆರೆಸಬೇಡಿ, ನೀರೆಲ್ಲ ಪಾಚಿಗಟ್ಟುತ್ತೆ.