ಬಿಸಿಲೂರಿನವರಿಗೆ ಫ್ರಾನ್ಸಿನಲ್ಲೊಂದು ಬಿಸಿಲೂರು

ಪ್ರಶ್ನೆ: ನಾವು ಕಲಬುರಗಿಯವರು. ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ ಇರುವಾಗ ಫ್ರಾನ್ಸಿಗೆ ಹೋಗಬೇಕೆಂದಿದ್ದೇವೆ. ಪ್ಯಾರಿಸ್‌ಗೆ ಎರಡು ದಿನ ಸಾಕು. ಉಳಿದ ಐದು ದಿನ ದಕ್ಷಿಣದಲ್ಲಿ ಒಳ್ಳೆ ಬಿಸಿಲಿರುವ ಒಂದೇ ಊರಲ್ಲಿ ಆರಾಮಾಗಿ ಇರುವ ಆಸೆ. ಜೊತೆಗೆ ತಾಯಿ ಬರುತ್ತಾರೆ, ಅವರಿಗೆ ಮಂಡಿನೋವು. ಎಲ್ಲರೂ ಸಸ್ಯಾಹಾರಿಗಳು. ಅಲ್ಲಿ ಕಾರು ಓಡಿಸುವ ಧೈರ್ಯ ಇಲ್ಲ. ನೀಸ್, ಮಾಂತೋನ್, ಆರ್ಲ್ ಈ ಮೂರರಲ್ಲಿ ಯಾವುದು ಒಳ್ಳೆಯದು?

ಉತ್ತರ: ಕಲಬುರಗಿಯವರು ಮೇ ತಿಂಗಳಲ್ಲಿ ಬಿಸಿಲು ಹುಡುಕಿಕೊಂಡು ಹೊರಟಿದ್ದು ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಅಲ್ಲಿನ ಮೇ ಬಿಸಿಲು ನಿಮಗೆ ಲೆಕ್ಕಕ್ಕೇ ಬರೋದಿಲ್ಲ. ಸಂಜೆಗೆ ಸ್ವೆಟರ್ ಬೇಕಾಗುತ್ತದೆ. ದಕ್ಷಿಣ ಫ್ರಾನ್ಸಿನ ಯಾವ ಊರಿಗೆ ಹೋದರೂ ಬಿಸಿಲು ಸಿಗುತ್ತದೆ. ಹಾಗಾಗಿ ಬಿಸಿಲು ನೋಡಿ ಊರು ಆರಿಸಬೇಡಿ. ನಿಮ್ಮ ತಾಯಿಯವರು ಎಷ್ಟು ನಡೆಯಬಲ್ಲರು, ಅದನ್ನು ನೋಡಿ.

ಹಾಗೆ ನೋಡಿದರೆ ಮಾಂತೋನ್ ಮೊದಲೇ ಬಿಟ್ಟುಹೋಗುತ್ತದೆ. ಇಟಲಿಯ ಗಡಿಗೆ ಅಂಟಿಕೊಂಡ ಚೆಂದದ ನಿಂಬೆಹಣ್ಣಿನ ಊರು ಅದು. ಆದರೆ ಹಳೆ ಊರೆಲ್ಲ ಮೆಟ್ಟಿಲು, ಏರು. ಹೆಸರುವಾಸಿಯಾದ ನಿಂಬೆ ಹಬ್ಬವೂ ಫೆಬ್ರವರಿಯಲ್ಲಿ.

ನೀಸ್ ಅನುಕೂಲದ ಊರು. ವಿಮಾನ ನಿಲ್ದಾಣದಿಂದ ಊರೊಳಕ್ಕೆ ಟ್ರಾಮ್ ಇದೆ. ಕಡಲೆಹಿಟ್ಟು, ಆಲಿವ್ ಎಣ್ಣೆ, ನೀರು ಕಲಸಿ ದೊಡ್ಡ ತಾಮ್ರದ ತಟ್ಟೆಯಲ್ಲಿ ಒಲೆಗಿಟ್ಟು ಬೇಯಿಸುವ 'ಸೊಕ್ಕಾ' ನಿಮಗೆ ಮೊದಲ ತುತ್ತಿಗೇ ಹಿಡಿಸುತ್ತದೆ, ಮೇಲೆ ಕರಿಮೆಣಸು ಬೇರೆ. ಆದರೆ ಅದು ದೊಡ್ಡ ಪಟ್ಟಣ. ಸಮುದ್ರದಂಡೆಯಲ್ಲಿ ಮರಳಿಲ್ಲ, ಬರೀ ದುಂಡು ಕಲ್ಲು. ಮಕ್ಕಳು ಮರಳಿನ ಮನೆ ಕಟ್ಟುವ ಕನಸು ಕಂಡಿದ್ದರೆ ಈಗಲೇ ಹೇಳಿಬಿಡಿ.

ನನ್ನ ಓಟು ಆರ್ಲ್‌ಗೆ. ಪ್ಯಾರಿಸ್‌ನಿಂದ ಅವಿನ್ಯೋಂವರೆಗೆ ವೇಗದ ರೈಲಲ್ಲಿ ಸುಮಾರು ಎರಡೂ ಮುಕ್ಕಾಲು ಗಂಟೆ, ಅಲ್ಲಿಂದ ಲೋಕಲ್ ರೈಲಲ್ಲಿ ಇನ್ನೊಂದಿಷ್ಟು ದೂರ. ರೋನ್ ನದಿ ದಂಡೆಯ ಸಣ್ಣ ಊರು, ಹೆಚ್ಚುಕಡಿಮೆ ಸಮತಟ್ಟು. ನಡುವೆ ರೋಮನ್ನರ ಕಾಲದ ಅಖಾಡ. ಸುಮಾರು 20,000 ಜನ ಕೂರಲೆಂದು ಕಟ್ಟಿದ್ದು. ರೋಮನ್ನರು ಹೋದ ಮೇಲೆ ಜನ ಅದನ್ನೇ ಕೋಟೆ ಮಾಡಿಕೊಂಡು ಒಳಗೆ 200ಕ್ಕೂ ಹೆಚ್ಚು ಮನೆ ಕಟ್ಟಿಕೊಂಡಿದ್ದರು. ನಿಮ್ಮ ಕಲಬುರಗಿ ಕೋಟೆಯೊಳಗೂ ಸಂಸಾರಗಳಿದ್ದವಲ್ಲ, ಹಾಗೇ. ಆರ್ಲ್‌ನಲ್ಲಿ 19ನೇ ಶತಮಾನದಲ್ಲಿ ಎಲ್ಲ ಖಾಲಿ ಮಾಡಿಸಿದರು.

ಆ ಅಖಾಡದಲ್ಲಿ ಇವತ್ತೂ ಗೂಳಿ ಪಂದ್ಯ ನಡೆಯುತ್ತದೆ. ಟಿಕೆಟ್ ಕೊಳ್ಳುವ ಮೊದಲು ಯಾವ ಪಂದ್ಯ ಅಂತ ಕೇಳಿ. 'ಕೊರ್ರೀದಾ' ಎಂದರೆ ಗೂಳಿಯನ್ನು ಕೊಲ್ಲುತ್ತಾರೆ, ಮಕ್ಕಳನ್ನು ಕರೆದೊಯ್ಯಬೇಡಿ. 'ಕೂರ್ಸ್ ಕಮಾರ್ಗೇಜ್' ಬೇರೆ. ಬಿಳಿ ಬಟ್ಟೆಯ ಹುಡುಗರು ಗೂಳಿಯ ಕೊಂಬಿನ ನಡುವೆ ಕಟ್ಟಿದ ಗೊಂಡೆ ಕಿತ್ತುಕೊಂಡು ಓಡಿ ಗೋಡೆ ಹಾರುತ್ತಾರೆ. ಹಾವೇರಿ ಕಡೆ ಹೋರಿ ಹಬ್ಬದಲ್ಲಿ ಕೊಬ್ಬರಿ ಹಾರ ಕೀಳುವುದನ್ನು ನೋಡಿದವರಿಗೆ ವಿವರಿಸಬೇಕಿಲ್ಲ, ಅಲ್ವಾ?

ಚಿತ್ರಕಾರ ವ್ಯಾನ್ ಗೋ 1888ರ ಫೆಬ್ರವರಿಯಲ್ಲಿ ಬಂದಿಳಿದದ್ದು ಈ ಊರಿಗೇ. ಹೂದಾನಿಯ ಸೂರ್ಯಕಾಂತಿಗಳನ್ನು ಬರೆದದ್ದೂ ಇಲ್ಲೇ. ಅವನ್ನು ನೋಡಲು ಮಾತ್ರ ಇಲ್ಲಿಗೆ ಬರಬೇಡಿ. ಅವೆಲ್ಲ ಲಂಡನ್, ಆಮ್‌ಸ್ಟರ್‌ಡ್ಯಾಮ್, ಮ್ಯೂನಿಕ್ ಅಂತ ಚದುರಿಹೋಗಿವೆ. ಅವನಿದ್ದ ಹಳದಿ ಮನೆ 1944ರ ಬಾಂಬ್ ದಾಳಿಯಲ್ಲಿ ಹೋಯಿತು. ಉಳಿದಿರುವುದು ಆ ಬೆಳಕು. ಅದಕ್ಕೆ ಕಾರಣ ಮಿಸ್ತ್ರಾಲ್ ಎಂಬ ಗಾಳಿ. ಉತ್ತರದಿಂದ ರೋನ್ ಕಣಿವೆಗುಂಟ ನುಗ್ಗಿ ಬಂದು ಮೋಡ, ಮಬ್ಬು ಎಲ್ಲ ಗುಡಿಸಿಹಾಕುತ್ತದೆ. ಆಕಾಶ ತೊಳೆದಿಟ್ಟಂತೆ ಕಾಣುತ್ತದೆ, ಆದರೆ ಛತ್ರಿ ಹಿಡಿಯಲಾಗದು. ಹಳೆಯ ತೋಟದ ಮನೆಗಳಿಗೆ ಉತ್ತರದ ಗೋಡೆಯಲ್ಲಿ ಕಿಟಕಿ ಇಡುತ್ತಿರಲಿಲ್ಲ. ವ್ಯಾನ್ ಗೋ ತನ್ನ ಚಿತ್ರದ ಸ್ಟ್ಯಾಂಡಿಗೆ ನೆಲದಲ್ಲಿ ಕಬ್ಬಿಣದ ಗೂಟ ಹೊಡೆಯುತ್ತಿದ್ದ. ತಾಯಿಯವರಿಗೆ ಕಿವಿ ಮುಚ್ಚುವ ಒಂದು ಸ್ಕಾರ್ಫ್ ಮರೆಯದೆ ಇಡಿ.

ಊಟದ ವಿಷಯ. ಮಧ್ಯಾಹ್ನ 12ರಿಂದ 2 ಗಂಟೆ, ಅಷ್ಟೇ. ಮೊದಲ ಸಲ ನಾನು ಎರಡೂಕಾಲಿಗೆ ಹೋಟೆಲಿಗೆ ಹೋದೆ. ಮಾಲೀಕರು ಸುಮ್ನೆ ಗಡಿಯಾರದ ಕಡೆ ಬೆರಳು ತೋರಿಸಿದರು. ಅವತ್ತು ಬೆಂಚಿನ ಮೇಲೆ ಕೂತು ಬ್ರೆಡ್ಡು, ಮೇಕೆ ಹಾಲಿನ ಚೀಸ್ ತಿಂದೆ. 'ವೆಜಿಟೇರಿಯನ್' ಅಂದರೆ ಕೆಲವರು ಮೀನು ತಂದಿಡುತ್ತಾರೆ. 'ಸಾಂ ವಿಯಾಂದ್, ಸಾಂ ಪುವಾಸೋಂ' ಅನ್ನಿ: ಮಾಂಸ ಬೇಡ, ಮೀನು ಬೇಡ. ಶನಿವಾರದ ಸಂತೆಯಲ್ಲಿ ಆಲಿವ್ ಚಟ್ನಿಯಂಥ 'ತಾಪೆನಾದ್' ಕಂಡರೆ ಎಚ್ಚರ, ಸಾಮಾನ್ಯವಾಗಿ ಅದರಲ್ಲಿ ಆಂಚೋವಿ ಮೀನು ಅರೆದಿರುತ್ತಾರೆ. ಅಡುಗೆಮನೆ ಇರುವ ಬಾಡಿಗೆ ಮನೆಯನ್ನೇ ಹಿಡಿಯಿರಿ. ಪಕ್ಕದ ಕಮಾರ್ಗ್ ಬಯಲಲ್ಲಿ ಭತ್ತ ಬೆಳೆಯುತ್ತಾರೆ, ಅಲ್ಲಿನ ಕೆಂಪಕ್ಕಿ ಚೆನ್ನಾಗಿದೆ. ತೊಗರಿಬೇಳೆಯನ್ನು ನಿಮ್ಮೂರಿನಿಂದ ಒಯ್ಯಲು ನಾನು ಹೇಳಬೇಕೇ!

ಒಂದು ದಿನ ಬಸ್ಸಲ್ಲಿ ಸುಮಾರು ಒಂದು ಗಂಟೆ ದೂರದ ಸೇಂತ್-ಮಾರಿ-ದ-ಲಾ-ಮೇರ್‌ಗೆ ಹೋಗಿ. ಮರಳಿನ ದಂಡೆ ಅಲ್ಲಿದೆ, ದಾರಿಯಲ್ಲಿ ರಾಜಹಂಸಗಳೂ ಕಾಣಬಹುದು. ಚರ್ಚಿನ ನೆಲಮಾಳಿಗೆಯಲ್ಲಿ ಕಪ್ಪು ಮುಖದ ಸಾರಾಳ ವಿಗ್ರಹವಿದೆ. ಮೈಮೇಲೆ ಒಂದರ ಮೇಲೊಂದು ಹರಕೆಯ ನಿಲುವಂಗಿ, ಎದುರು ಮೇಣದ ಬತ್ತಿಗಳ ಧಗೆ. ಪ್ರತಿ ಮೇ 24ರಂದು ರೋಮಾ ಜನ (ಜಿಪ್ಸಿಗಳು ಅಂತಾರಲ್ಲ, ಅವರು) ತಮ್ಮ ಸಂತಳೆಂದು ನಂಬುವ ಅವಳನ್ನು ಹೊತ್ತು ಸಮುದ್ರದ ತನಕ ಮೆರವಣಿಗೆ ಹೋಗುತ್ತಾರೆ. ಅವರ ಪೂರ್ವಿಕರು ಭಾರತದಿಂದ ಹೋದವರು. ಅವರ ಭಾಷೆಯಲ್ಲಿ ನೀರಿಗೆ 'ಪಾನಿ', ಸಾರಾಗೆ 'ಕಾಲಿ', ಅಂದರೆ ಕಪ್ಪಗಿನವಳು. ಆ ದಿನ ಸಿಕ್ಕರೆ ಬಿಡಬೇಡಿ, ಜನಜಂಗುಳಿ ಜಾಸ್ತಿ ಇರುವುದರಿಂದ ಬೆಳಿಗ್ಗೆಯೇ ಹೊರಡಿ.

ಪ್ರಶ್ನೆ: ಮೇ ತಿಂಗಳಲ್ಲಿ ಲ್ಯಾವೆಂಡರ್ ಹೊಲ ನೋಡಲು ಸಿಗುತ್ತವಾ?

ಉತ್ತರ: ಇಲ್ಲ. ಹೂವು ಬರುವುದು ಜೂನ್ ಕೊನೆಯಿಂದ ಜುಲೈ ಮಧ್ಯದವರೆಗೆ. ಪ್ರಸಿದ್ಧ ಹೊಲಗಳಿರುವ ವಲಾಂಸೋಲ್ ಬಯಲು ಕಾರಿಲ್ಲದವರಿಗೆ ಕಷ್ಟ. ಮೇ ತಿಂಗಳಲ್ಲಿ ಹೋದರೆ ಸ್ಟ್ರಾಬೆರಿ ತಿಂದು ಬನ್ನಿ.