ಮನುಷ್ಯರ ದೇಹದಲ್ಲಿ ಎಷ್ಟು ಬಗೆಯ ಅಂಗಾಂಶಗಳಿವೆ?

ಮುಖ್ಯವಾಗಿ ನಾಲ್ಕು. ಒಟ್ಟಾಗಿ ಒಂದು ಕೆಲಸ ಮಾಡುವ ಜೀವಕೋಶಗಳ ಗುಂಪನ್ನೇ ಅಂಗಾಂಶ ಅನ್ನುವುದು.

ಮೊದಲನೆಯದು ಅನುಲೇಪಕ, ಅಂದರೆ ಹೊದಿಕೆಯ ಅಂಗಾಂಶ. ಚರ್ಮದ ಮೇಲ್ಪದರ, ಬಾಯಿ ಮತ್ತು ಕರುಳಿನ ಒಳಪದರ ಎಲ್ಲ ಇದೇ. ಇದರಲ್ಲಿ ರಕ್ತನಾಳಗಳಿಲ್ಲ. ಚರ್ಮ ಮೇಲೆ ಮೇಲೆ ತರಚಿದಾಗ ರಕ್ತ ಬರುವುದಿಲ್ಲವಲ್ಲ, ಅದಕ್ಕೇ.

ಗೊಂದಲ ಜಾಸ್ತಿ ಇರುವುದು ಸಂಯೋಜಕ ಅಂಗಾಂಶದಲ್ಲಿ. ಗಟ್ಟಿ ಮೂಳೆ, ಹರಿಯುವ ರಕ್ತ ಎರಡೂ ಒಂದೇ ಗುಂಪು ಅಂದರೆ ವಿಚಿತ್ರ ಅನಿಸುತ್ತದೆ, ಅಲ್ವಾ? ಎರಡರಲ್ಲೂ ಜೀವಕೋಶಗಳ ನಡುವೆ ಬೇರೆ ವಸ್ತು ತುಂಬಿರುತ್ತದೆ. ಮೂಳೆಯಲ್ಲಿ ಅದು ಕ್ಯಾಲ್ಸಿಯಂ ಸೇರಿ ಗಟ್ಟಿಯಾಗಿದೆ, ರಕ್ತದಲ್ಲಿ ಪ್ಲಾಸ್ಮಾ ಎಂಬ ದ್ರವ. ಕಿವಿಯ ಮೇಲಂಚನ್ನು ಸುಮ್ನೆ ಮಡಚಿ ಬಿಡಿ. ತಟ್ಟನೆ ಮೊದಲಿನಂತಾಗುತ್ತದೆ. ಅದು ಮೃದ್ವಸ್ಥಿ, ಇದೇ ಗುಂಪಿನದು. ಅದರೊಳಗೂ ರಕ್ತನಾಳ ಇಲ್ಲ, ಹಾಗಾಗಿ ಪೆಟ್ಟಾದರೆ ಬೇಗ ವಾಸಿಯಾಗುವುದಿಲ್ಲ. ಕೊಬ್ಬು ಕೂಡ ಇಲ್ಲಿಗೇ ಸೇರುತ್ತದೆ.

ಸ್ನಾಯು ಅಂಗಾಂಶದಲ್ಲಿ ಮೂರು ಬಗೆ: ನಾವು ಹೇಳಿದಂತೆ ಕೇಳುವ ಕೈಕಾಲಿನ ಸ್ನಾಯು, ತನ್ನಷ್ಟಕ್ಕೆ ಕೆಲಸ ಮಾಡುವ ಕರುಳಿನ ಸ್ನಾಯು, ಹೃದಯದ ಸ್ನಾಯು.

ಕೊನೆಯದು ನರ ಅಂಗಾಂಶ. ಮಿದುಳು, ಬೆನ್ನುಹುರಿ, ನರಗಳು. ಬೆನ್ನುಹುರಿಯಿಂದ ಪಾದದವರೆಗೆ ಇಳಿಯುವ ಒಂದೇ ನರಕೋಶದ ಎಳೆ ಸುಮಾರು 1 ಮೀಟರ್ ಉದ್ದ ಇರಬಲ್ಲದು!