ಉದ್ಯೋಗ ಪ್ರಶ್ನೋತ್ತರ: ಪಿಐಪಿ ಪತ್ರ ಕೈಗೆ ಬಂದ ಮೇಲೆ

ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್, ಬಾಯಿಮಾತಿನಲ್ಲಿ ಪಿಐಪಿ. ಇಷ್ಟು ದಿನದೊಳಗೆ ಕೆಲಸ ಸುಧಾರಿಸಬೇಕು, ಇಲ್ಲವಾದರೆ ಮುಂದಿನ ಕ್ರಮ ಎಂದು ಕಂಪನಿ ಕೊಡುವ ಲಿಖಿತ ಗಡುವು. ಮಂಗಳೂರು, ಉಡುಪಿ ಕಡೆಯ ಓದುಗರು ಈ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ಮಲ್ಪೆ ಭಾಗದಲ್ಲಿ ಒಂದು ಫೈನಾನ್ಸ್ ಕಂಪನಿಯ ಕಲೆಕ್ಷನ್ ನನ್ನ ಕೆಲಸ. ಜೂನ್ 10ರಿಂದ 45 ದಿನಗಳ ಪಿಐಪಿ ಕೊಟ್ಟಿದ್ದಾರೆ. ಶೇ. 98 ವಸೂಲಿ ಆಗಬೇಕಂತೆ. ಗಿರಾಕಿಗಳಲ್ಲಿ ಅರ್ಧಕ್ಕರ್ಧ ಬೋಟಿನವರು, ಮೀನು ಮಾರುವ ಹೆಂಗಸರು. ಎಲ್ಲಿಂದ ತರಲಿ ಮಾರಾಯ್ರೇ?
– ಓದುಗ, ಮಲ್ಪೆ

ಉತ್ತರ: ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ. ನಿಮ್ಮ 45 ದಿನ ಮುಗಿಯುವುದು ಜುಲೈ 24ಕ್ಕೆ. ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿಹಾಕಿರುವಾಗಲೇ ನಿಮ್ಮ ಪರೀಕ್ಷೆ ಶುರುವಾಗಿ ಮುಗಿದೂ ಹೋಗುತ್ತದೆ. ಆದರೆ ‘ಮಳೆಗಾಲ ಸಾರ್, ಯಾರೂ ಕಟ್ಟುವುದಿಲ್ಲ’ ಎಂದು ಬಾಯಲ್ಲಿ ಹೇಳಿದರೆ ಮ್ಯಾನೇಜರಿಗೆ ಅದು ನೆಪವಾಗಿಯೇ ಕೇಳುತ್ತದೆ. ಲೆಕ್ಕ ಮುಂದಿಡಿ.

ನಿಮ್ಮ ಬೀಟಿನ (ವಸೂಲಿಗೆ ನಿಮಗೆ ಒಪ್ಪಿಸಿದ ಪ್ರದೇಶದ) ಖಾತೆಗಳನ್ನು ಎರಡು ಪಟ್ಟಿ ಮಾಡಿ: ಬೋಟು, ಐಸ್ ಪ್ಲಾಂಟ್, ಮೀನು ಮಾರಾಟ ನಂಬಿದವರು ಒಂದು ಕಡೆ, ಉಳಿದವರು ಇನ್ನೊಂದು ಕಡೆ. ನಾಡದೋಣಿಯವರು ಈ ನಿಷೇಧದಲ್ಲಿ ಬರುವುದಿಲ್ಲ, ಅವರನ್ನು ಬೋಟಿನವರ ಜೊತೆ ಸೇರಿಸಿದರೆ ನಿಮ್ಮ ಇಡೀ ಪಟ್ಟಿಯ ಮೇಲೆಯೇ ಅನುಮಾನ ಬರುತ್ತದೆ. ಎರಡೂ ಪಟ್ಟಿಗೆ ಹೋದ ವರ್ಷದ ಏಪ್ರಿಲ್-ಮೇ ಮತ್ತು ಜೂನ್-ಜುಲೈ ವಸೂಲಿಯ ಅಂಕಿಗಳನ್ನು ಬ್ರಾಂಚಿನಿಂದ ಕೇಳಿ ಪಡೆಯಿರಿ. ಆಗ ಆ ಬೀಟಿನಲ್ಲಿ ಬೇರೆಯವರಿದ್ದರೆ ಇನ್ನೂ ಒಳ್ಳೆಯದು. ಅವರ ಕೈಯಲ್ಲೂ ಇಳಿದಿದ್ದರೆ ಕಾರಣ ನೀವಲ್ಲ ಎಂಬುದು ಅಂಕಿಯಲ್ಲೇ ಕಾಣುತ್ತದೆ.

ಇನ್ನೊಂದು ವಿಷಯ, ಒಟ್ಟು ಶೇ. 98 ಎಂಬ ಒಂದೇ ಗುರಿಗೆ ಒಪ್ಪಬೇಡಿ. ಬಾಕಿ 30 ದಿನದೊಳಗಿನದು, 31ರಿಂದ 60, 61ರಿಂದ 90 ಎಂದು ಬಕೆಟ್ (ಬಾಕಿ ಉಳಿದ ದಿನಗಳ ಗುಂಪು) ಪ್ರಕಾರ ಬೇರೆ ಬೇರೆ ಗುರಿ ಕೇಳಿ. ಪಿಐಪಿ ಶುರುವಾದ ದಿನವೇ 80 ದಿನ ದಾಟಿದ್ದ ಖಾತೆ ನೀವು ಕೆಡಿಸಿದ್ದಲ್ಲ. ಇಷ್ಟನ್ನೂ ಒಂದು ಮೇಲ್‌ನಲ್ಲಿ ಬರೆದು, ಹೋದ ವರ್ಷದ ಇದೇ ತಿಂಗಳುಗಳ ಜೊತೆ ಹೋಲಿಸಿ, ಇಲ್ಲವೇ ಗಡುವನ್ನು ಸೆಪ್ಟೆಂಬರ್ ಕೊನೆಗೆ ಹಾಕಿ ಎಂದು ಕೇಳಿ.

ಗುರಿ ಮುಟ್ಟುವ ಭರದಲ್ಲಿ ಎರಡು ಕೆಲಸ ಮಾತ್ರ ಬೇಡ. ಗಿರಾಕಿಯ ಕಂತನ್ನು ಕೈಯಿಂದ ಕಟ್ಟಿ ಆಮೇಲೆ ವಸೂಲು ಮಾಡಿಕೊಳ್ಳುವುದು ಈ ಕ್ಷೇತ್ರದಲ್ಲಿ ಮಾಮೂಲು, ಆದರೆ ಆಡಿಟ್‌ನಲ್ಲಿ ಸಿಕ್ಕಿದರೆ ಅದಕ್ಕೆ ವಂಚನೆ ಎಂದೇ ಹೆಸರು. ಎರಡನೆಯದು, ಸಂಜೆ 7ರ ನಂತರ ಅಥವಾ ಬೆಳಿಗ್ಗೆ 8ಕ್ಕೆ ಮೊದಲು ವಸೂಲಿಗೆ ಕರೆ ಮಾಡುವುದು. ರಿಸರ್ವ್ ಬ್ಯಾಂಕ್ ನಿಯಮಕ್ಕೆ ಅದು ವಿರುದ್ಧ. ಗುರಿ ತಪ್ಪಿದವರನ್ನು ತೆಗೆಯಲು ಕಂಪನಿ ನೋಟಿಸ್ ಕೊಡಬೇಕು. ಇಂಥ ದುರ್ನಡತೆ ವಿಚಾರಣೆಯಲ್ಲಿ ಸಾಬೀತಾದರೆ ಆ ನೋಟಿಸೂ ಬೇಕಿಲ್ಲ.

ಪ್ರಶ್ನೆ: ಕೊಟ್ಟಾರದ ಒಂದು ಕಚೇರಿಯಲ್ಲಿ ಮೆಡಿಕಲ್ ಕೋಡಿಂಗ್ (ರೋಗಿಗಳ ಚಿಕಿತ್ಸೆಯ ದಾಖಲೆ, ಅಂದರೆ ಚಾರ್ಟ್ ಓದಿ ಬಿಲ್ಲಿಗೆ ಕೋಡ್ ಹಾಕುವ ಕೆಲಸ) ಮಾಡುತ್ತಿದ್ದೇನೆ. ರೇಡಿಯಾಲಜಿಯಿಂದ ಸರ್ಜರಿ ಚಾರ್ಟ್‌ಗಳಿಗೆ ಹಾಕಿ ಎರಡು ತಿಂಗಳಾಯಿತು. ಕ್ವಾಲಿಟಿ ಶೇ. 95 ಬರುತ್ತಿಲ್ಲವೆಂದು 30 ದಿನಗಳ ಪಿಐಪಿ. ಸಹಿ ಹಾಕದಿದ್ದರೆ ಆಗುವುದಿಲ್ಲವೇ?
– ಓದುಗರು, ಮಂಗಳೂರು

ಉತ್ತರ: ಸಹಿ ಹಾಕದೆ ಕೂತರೆ ಪಿಐಪಿ ನಿಲ್ಲುವುದಿಲ್ಲ, ‘ಸಹಕರಿಸಲಿಲ್ಲ’ ಎಂಬ ಸಾಲೊಂದು ಫೈಲಿಗೆ ಸೇರುತ್ತದೆ ಅಷ್ಟೆ. ಸಹಿಯ ಪಕ್ಕ ‘ಪತ್ರ ತಲುಪಿದೆ. ಒಳಗಿನ ವಿಷಯಕ್ಕೆ ಒಪ್ಪಿಗೆಯಲ್ಲ. ಉತ್ತರ ಬೇರೆಯಾಗಿ ಕೊಡುತ್ತೇನೆ’ ಎಂದು ಬರೆದು ದಿನಾಂಕ ಹಾಕಿ. ಪೋರ್ಟಲ್‌ನಲ್ಲಿ ‘ಒಪ್ಪುತ್ತೇನೆ’ ಎಂಬ ಒಂದೇ ಬಟನ್ ಇದ್ದರೆ ಒತ್ತಿ, ಅದೇ ದಿನ ಇದೇ ಮಾತನ್ನು ಎಚ್‌ಆರ್‌ಗೆ ಮೇಲ್ ಮಾಡಿ. ಉತ್ತರ ಎರಡು ಮೂರು ದಿನದಲ್ಲಿ ಹೋಗಲಿ, ಒಂದು ಪುಟ ಸಾಕು.

ಆ ಪುಟದಲ್ಲಿ ಮುಖ್ಯವಾಗಿ ಕೇಳಬೇಕಾದದ್ದು, ಶೇ. 95 ಎಂಬುದನ್ನು ಎಷ್ಟು ಕೋಡ್‌ಗಳ ಮೇಲೆ ಲೆಕ್ಕ ಹಾಕುತ್ತಾರೆ? ವಾರಕ್ಕೆ 20 ಕೋಡ್ ಮಾತ್ರ ಆಡಿಟ್ ಆದರೆ ಒಂದು ತಪ್ಪಿಗೆ 95, ಎರಡಕ್ಕೆ 90. ಪಾಸು ಫೇಲಿನ ನಡುವೆ ಇರುವುದು ಒಂದೇ ತಪ್ಪು! ಅದರಲ್ಲಿ ಕೌಶಲಕ್ಕಿಂತ ಆ ವಾರ ಯಾವ ಚಾರ್ಟ್ ಸಿಕ್ಕಿತು ಎಂಬುದೇ ಹೆಚ್ಚು. ನಾಲ್ಕೂ ವಾರ ಸೇರಿಸಿ 100ಕ್ಕೆ ಕಡಿಮೆಯಿಲ್ಲದ ಕೋಡ್‌ಗಳ ಮೇಲೆ ಒಂದೇ ಅಂಕಿ ತೆಗೆಯಿರಿ ಎಂದು ಕೇಳಿ. ಮಾಡಿಫೈಯರ್ (ಕೋಡಿನ ಜೊತೆ ಸೇರಿಸುವ ಚಿಕ್ಕ ಗುರುತು) ಬಿಟ್ಟದ್ದಕ್ಕೂ ಇಡೀ ಪ್ರೊಸೀಜರ್ ತಪ್ಪಿದ್ದಕ್ಕೂ ಒಂದೇ ತೂಕವೇ, ಆಡಿಟರ್ ಹಿಡಿದ ತಪ್ಪಿಗೆ ಆಕ್ಷೇಪ ಸಲ್ಲಿಸಲು ಎಷ್ಟು ದಿನ, ಅದನ್ನು ತೀರ್ಮಾನಿಸುವವರು ಅದೇ ಆಡಿಟರೋ ಬೇರೆಯವರೋ ಎಂಬುದೂ ಬರವಣಿಗೆಯಲ್ಲಿ ಬರಲಿ.

ಸರ್ಜರಿಗೆ ಹೊಸಬರು ಎಡವುವುದು ಹೆಚ್ಚಾಗಿ ಗ್ಲೋಬಲ್ ಪೀರಿಯಡ್ (ಸರ್ಜರಿಯ ನಂತರದ ಆರೈಕೆಯೂ ಅದೇ ಬಿಲ್ಲಿನಲ್ಲಿ ಸೇರುವ ಅವಧಿ: 0, 10 ಅಥವಾ 90 ದಿನ) ಮತ್ತು ಬಂಡ್ಲಿಂಗ್‌ನಲ್ಲಿ (ಜೊತೆಗೆ ಮಾಡಿದ ಚಿಕ್ಕ ಕೆಲಸಗಳನ್ನು ಮುಖ್ಯ ಕೋಡಿನಲ್ಲೇ ಸೇರಿಸುವುದು). ರೇಡಿಯಾಲಜಿಯಲ್ಲಿ ಇವು ಅಷ್ಟಾಗಿ ಕಾಡುವುದಿಲ್ಲ. ನಿಮ್ಮ ತಪ್ಪುಗಳನ್ನು ವಿಂಗಡಿಸಿ ನೋಡಿ. ಬಹುಪಾಲು ಇಲ್ಲೇ ಬಿದ್ದಿದ್ದರೆ ‘ಈ ಎರಡು ವಿಷಯಕ್ಕೆ ಟ್ರೈನಿಂಗ್ ಬೇಕು’ ಎಂದು ಹೆಸರಿಸಿ ಕೇಳಿ. ಬರೀ ‘ಸಪೋರ್ಟ್ ಕೊಡಿ’ ಎಂದರೆ ಯಾರೂ ಏನೂ ಕೊಡುವುದಿಲ್ಲ. ದಾಖಲೆ ಇಟ್ಟುಕೊಳ್ಳುವಾಗ ತಪ್ಪಿನ ಬಗೆ ಮತ್ತು ದಿನಾಂಕ ಸಾಕು. ಚಾರ್ಟನ್ನು ಸ್ವಂತ ಮೇಲ್‌ಗೆ ಕಳಿಸುವುದು, ಸ್ಕ್ರೀನಿನ ಫೋಟೋ ತೆಗೆಯುವುದು ಬೇಡವೇ ಬೇಡ. ರೋಗಿಯ ಮಾಹಿತಿ ಹೊರಗೆ ಹೋದರೆ ಪಿಐಪಿ ಬದಿಗೆ ಸರಿದು ಅದೇ ದೊಡ್ಡ ಕೇಸಾಗುತ್ತದೆ.

ಪ್ರಶ್ನೆ: ಮಣಿಪಾಲದಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಸೇರಿ 4 ವರ್ಷ 9 ತಿಂಗಳು. 60 ದಿನಗಳ ಪಿಐಪಿ ಕೊಟ್ಟು, ಮರುದಿನವೇ ಎಚ್‌ಆರ್ ಕರೆದು ‘ಈ ವಾರವೇ ರಾಜೀನಾಮೆ ಕೊಡಿ, ಎರಡು ತಿಂಗಳ ಸಂಬಳ ಕೊಡುತ್ತೇವೆ’ ಎಂದರು. ಒಪ್ಪಲೇ?
– ಓದುಗರು, ಉಡುಪಿ

ಉತ್ತರ: ಆ ಕೋಣೆಯಲ್ಲೇ ಒಪ್ಪಬೇಡಿ. ‘ಮೇಲ್ ಮಾಡಿ, ನೋಡಿ ಹೇಳುತ್ತೇನೆ’ ಎಂದು ಎದ್ದು ಬನ್ನಿ. ನಿಮ್ಮ ಮಟ್ಟಿಗೆ ದೊಡ್ಡ ವಿಷಯ ಗ್ರಾಚ್ಯುಟಿ, ಅಂದರೆ ಸೇವೆಗಾಗಿ ಕೆಲಸ ಬಿಡುವಾಗ ಸಿಗುವ ಇಡುಗಂಟು. ಕಾಯಂ ನೌಕರರಿಗೆ ಅದು 5 ವರ್ಷಕ್ಕೆ. ಐದನೇ ವರ್ಷದಲ್ಲಿ 240 ದಿನ ದುಡಿದಿದ್ದರೂ ಸಿಗಬೇಕು ಎನ್ನುವ ಹೈಕೋರ್ಟ್ ತೀರ್ಪುಗಳಿವೆ, ಆದರೆ ಅದನ್ನು ತಕರಾರಿಲ್ಲದೆ ಒಪ್ಪದ ಕಂಪನಿಗಳೂ ಇವೆ. ಪಿಐಪಿಯ 60 ದಿನ, ಮೇಲೆ ಎರಡು ತಿಂಗಳ ನೋಟಿಸ್ ಸೇರಿದರೆ 5 ವರ್ಷ ತಾನಾಗಿ ದಾಟುತ್ತದೆ. ಲೆಕ್ಕ: ಕೊನೆಯ ವೇತನವನ್ನು (ಮುಖ್ಯವಾಗಿ ಮೂಲ ವೇತನ ಮತ್ತು ತುಟ್ಟಿಭತ್ಯೆ) 15ರಿಂದ ಗುಣಿಸಿ 26ರಿಂದ ಭಾಗಿಸಿ, ಬಂದದ್ದನ್ನು ವರ್ಷಗಳಿಂದ ಗುಣಿಸಿ. 26,000 ಇದ್ದರೆ ವರ್ಷಕ್ಕೆ 15,000, ಐದು ವರ್ಷಕ್ಕೆ 75,000 ರೂಪಾಯಿ.

ಹಲವರಿಗೆ ತಿಳಿಯದ ಸಂಗತಿ, ನೋಟಿಸ್ ಬದಲು ಕೊಡುವ ಸಂಬಳದ ದಿನಗಳನ್ನು ಸೇವೆಯೆಂದು ಎಣಿಸುವುದಿಲ್ಲ. ಆದ್ದರಿಂದ ಹಣಕ್ಕಿಂತ ದಿನಾಂಕದ ಬಗ್ಗೆ ಚೌಕಾಸಿ ಮಾಡಿ: ‘ಆಫೀಸಿಗೆ ಬರುವುದು ಬೇಡವಾದರೆ ಬೇಡ, ಆದರೆ ಇನ್ನೂ ನಾಲ್ಕು ತಿಂಗಳು ನೌಕರರ ಪಟ್ಟಿಯಲ್ಲಿ ಇರಿಸಿ.’ ಕಂಪನಿಯ ಗುಂಪು ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಕೊನೆಯ ದಿನಕ್ಕೇ ನಿಲ್ಲುವುದರಿಂದ ಇದು ಎರಡು ಪಟ್ಟು ಲಾಭ. ರಿಲೀವಿಂಗ್ ಪತ್ರದ ಒಕ್ಕಣೆಯನ್ನು ರಾಜೀನಾಮೆಗೆ ಮೊದಲೇ ನೋಡಿಕೊಳ್ಳಿ.

ರಾಜೀನಾಮೆ ಕೊಡದೆ ಅವರೇ ತೆಗೆದರೆ? ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 39ನೇ ಸೆಕ್ಷನ್ ಪ್ರಕಾರ 6 ತಿಂಗಳು ದಾಟಿದ ನೌಕರರನ್ನು ತೆಗೆಯಲು ಸಮಂಜಸ ಕಾರಣವಿರಬೇಕು, ಒಂದು ತಿಂಗಳ ನೋಟಿಸ್ ಅಥವಾ ಸಂಬಳ ಕೊಡಬೇಕು. ಅದರ ವಿರುದ್ಧ ಮೇಲ್ಮನವಿಗೂ ಅವಕಾಶವಿದೆ, ಗಡುವು ಚಿಕ್ಕದು, ತಡಮಾಡದೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಆಡಳಿತ ನಡೆಸುವ ಹುದ್ದೆಯವರಿಗೆ ಈ ರಕ್ಷಣೆ ಇಲ್ಲ, ಟೆಸ್ಟರ್ ಆ ಸಾಲಿಗೆ ಸೇರುವುದಿಲ್ಲ. ಸ್ವಂತ ಕೈಯಿಂದ ರಾಜೀನಾಮೆ ಬರೆದ ಮೇಲೆ ಮಾತ್ರ ಈ ಬಾಗಿಲುಗಳು ಬಹುತೇಕ ಮುಚ್ಚಿದಂತೆಯೇ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ನೀವೇ ಬಿಟ್ಟರೂ ಅವರು ತೆಗೆದರೂ ಸಂಬಳದ ಬಾಕಿ ಎರಡು ಕೆಲಸದ ದಿನದೊಳಗೆ ಚುಕ್ತಾ ಆಗಬೇಕು. ಗ್ರಾಚ್ಯುಟಿಗೆ 30 ದಿನ.

ಪ್ರಶ್ನೆ: ಪಿಐಪಿಯಲ್ಲಿ ಇದ್ದದ್ದು ಹೊಸ ಕಂಪನಿಗೆ ಗೊತ್ತಾಗುತ್ತದೆಯೇ?
– ಓದುಗ, ಸುರತ್ಕಲ್

ಉತ್ತರ: ಪಿಎಫ್‌ನ ಯುಎಎನ್ (ಕೆಲಸ ಬದಲಾದರೂ ನೌಕರನಿಗೆ ಉಳಿಯುವ ಒಂದೇ ಸಂಖ್ಯೆ) ದಾಖಲೆಯಲ್ಲಿ ಸೇರಿದ, ಬಿಟ್ಟ ದಿನಾಂಕ ಕಾಣುತ್ತದೆ, ಪಿಐಪಿ ಕಾಣುವುದಿಲ್ಲ. ಹಿನ್ನೆಲೆ ಪರಿಶೀಲನೆಯವರು ಹುದ್ದೆ, ದಿನಾಂಕ, ಬಿಟ್ಟ ಕಾರಣ, ಮತ್ತೆ ಸೇರಿಸಿಕೊಳ್ಳುತ್ತೀರಾ ಎಂದು ಹಳೆಯ ಎಚ್‌ಆರ್ ಅನ್ನು ಕೇಳುವುದುಂಟು. ನೀವಾಗಿ ಹೇಳಬೇಕಿಲ್ಲ. ಅರ್ಜಿಯಲ್ಲಿ ನೇರವಾಗಿ ಕೇಳಿದ್ದರೆ ಸುಳ್ಳು ಬರೆಯಬೇಡಿ.

ಪ್ರಶ್ನೆ: ಬೈಕಂಪಾಡಿಯ ಕಾರ್ಖಾನೆಯೊಂದರ ಕಚೇರಿಯಲ್ಲಿ ಟೀಮ್ ಲೀಡರ್. ನಮ್ಮ ಹುಡುಗನೊಬ್ಬನಿಗೆ ಪಿಐಪಿ ಬರೆದುಕೊಡಲು ಮೇಲಿನವರು ಹೇಳಿದ್ದಾರೆ. ಹೇಗೆ ಬರೆಯಲಿ?
– ಓದುಗರು, ಕುಳಾಯಿ

ಉತ್ತರ: ಮೂರಕ್ಕಿಂತ ಹೆಚ್ಚು ಗುರಿ ಬೇಡ. ಪ್ರತಿಯೊಂದಕ್ಕೂ ಈಗಿನ ಅಂಕಿ, ಬೇಕಾದ ಅಂಕಿ, ಅಳೆಯುವವರು ಯಾರು ಎಂದು ಬರೆಯಿರಿ. ‘ಮನೋಭಾವ ಸುಧಾರಿಸಬೇಕು’ ಎಂಬ ಸಾಲನ್ನು ಹೊಡೆದುಹಾಕಿ, ಅದನ್ನು ಯಾರೂ ಅಳೆಯಲಾರರು. ಬದಲಿಗೆ ‘ಡಿಸ್ಪ್ಯಾಚ್ ಬಿಲ್ಲುಗಳಲ್ಲಿ ವಾರಕ್ಕೆ 12 ತಪ್ಪು ಇದೆ, 3ಕ್ಕೆ ಇಳಿಯಬೇಕು’ ಎಂಬಂತೆ ಇರಲಿ. ವಾರಕ್ಕೊಮ್ಮೆ ಅರ್ಧ ಗಂಟೆ ಅವನ ಜೊತೆ ಕೂತು, ಮಾತಾಡಿದ್ದನ್ನು ಅದೇ ಸಂಜೆ ಮೇಲ್ ಮಾಡಿ. ಎರಡು ವಾರ ಮೀಟಿಂಗ್ ತಪ್ಪಿಸಿ ಕೊನೆಗೆ ಫೇಲ್ ಎಂದರೆ ಮುಂದೆ ಕಾರ್ಮಿಕ ಅಧಿಕಾರಿಯ ಮುಂದೆ ಉತ್ತರ ಕೊಡಬೇಕಾದವರು ನೀವೇ. ಬರೆಯಲು ಕೂರುವ ಮೊದಲು ಮೇಲಿನವರನ್ನು ಒಂದು ಮಾತು ಕೇಳಿ: ಗುರಿ ಮುಟ್ಟಿದರೆ ಅವನನ್ನು ನಿಜವಾಗಿ ಉಳಿಸಿಕೊಳ್ಳುತ್ತೀರಾ? ಇಲ್ಲ ಎನ್ನುವುದಾದರೆ ಪಿಐಪಿ ಬೇಡ, ನೋಟಿಸ್ ಸಂಬಳ ಮತ್ತು ಕಾನೂನಿನ ಪ್ರಕಾರ ಸಲ್ಲಬೇಕಾದ ಪರಿಹಾರ ಕೊಟ್ಟು ಕಳಿಸಲಿ.